ಮಾಸ್ತಮ್ಮನ ಬಾಳೆ ಹೋದ ಮನೆಗಳು

ಮುರ್ಡೇಶ್ವರದ ದಿನಕರ ಮೊಗೇರ ಇಪ್ಪತ್ತೆರಡು ವರ್ಷ ಬೋಟಿನ ಮುಂದಿನ ತುದಿಯಲ್ಲಿ ನಿಂತು ನೀರು ನೋಡಿದವನು. ಬಲೆ ಎಲ್ಲಿ ಬಿಡಬೇಕು ಎಂದು ಹೇಳುವುದು ಅವನ ಕೆಲಸವಾಗಿತ್ತು. ದೂರದಲ್ಲಿ ಅಂಗೈ ಅಗಲದ ಕಪ್ಪು ಕಂಡರೆ ಸಾಕು, ಅದು ಮೋಡದ ನೆರಳೋ ಬಂಗಡೆಯ ಹಿಂಡೋ ಎಂದು ಹೇಳಿಬಿಡುತ್ತಿದ್ದ. ತಪ್ಪಿದ್ದು ಕಡಿಮೆ. ತಪ್ಪಿದ ದಿನ ಬೋಟಿನವರು ನಾಲ್ಕು ಮಾತು ಆಡಿದರೂ ಮರುದಿನ ಮತ್ತೆ ಅವನನ್ನೇ ಮುಂದೆ ನಿಲ್ಲಿಸುತ್ತಿದ್ದರು.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಬಲೆ ಎಳೆಯುವ ಯಂತ್ರದ ಹಗ್ಗ ಅವನ ಬಲಗೈಯನ್ನು ಸುತ್ತಿಕೊಂಡಿತು. ಹೆಬ್ಬೆರಳು ಮತ್ತು ತೋರುಬೆರಳು ಉಳಿದವು. ಮಿಕ್ಕ ಮೂರನ್ನು ಮಣಿಪಾಲದ ಡಾಕ್ಟರುಗಳಿಗೂ ಉಳಿಸಲಾಗಲಿಲ್ಲ.

ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳೂ ಹೆಂಡತಿ ಜಯಂತಿ ಮೀನಿನ ಮುಳ್ಳು ಬಿಡಿಸಿ, ಅನ್ನದ ಬದಿಗೆ ಇಟ್ಟು, ಅತ್ತ ತಿರುಗಿ ಏನೋ ಕೆಲಸ ಮಾಡುತ್ತಿದ್ದಳು. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದು ಎಂಬ ಅವನ ನಾಚಿಕೆ ಅವಳಿಗೆ ಹೇಳದೆಯೇ ಗೊತ್ತಾಗಿತ್ತು. ಮೀನುಗಾರಿಕೆಗೆ ಹೋಗಲಾಗದು ಎಂದು ಖಚಿತವಾದ ಮೇಲೆ ಅವನು ಜಗಲಿ ಬಿಟ್ಟು ಏಳುವುದನ್ನೇ ಕಡಿಮೆ ಮಾಡಿದ. ಬಂದರಿನ ಕಡೆಗಂತೂ ಮುಖ ಹಾಕಲಿಲ್ಲ.

ಜಯಂತಿ ದೇವಸ್ಥಾನದ ಹತ್ತಿರದ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ದಿನ ಪಾತ್ರೆ ತೊಳೆದ ನೀರು ಚೆಲ್ಲಲು ಹಿಂದಿನ ಬಾಗಿಲಿಗೆ ಬಂದರೆ, ಅಲ್ಲಿನ ಬಾಳೆ ಹಿಂಡಿನ ನಡುವೆ ಒಬ್ಬಳು ಹುಡುಗಿ ಎಲೆಯೊಂದನ್ನು ಬಿಸಿಲಿಗೆ ಎತ್ತಿ ಹಿಡಿದು, ಕುತ್ತಿಗೆ ಓರೆ ಮಾಡಿ ನೋಡುತ್ತ ನಿಂತಿದ್ದಳು.

"ಎಂತ ಹುಡುಕ್ತ್ರಿ ಮೇಡಂ?"

"ರೋಗ ಹುಡುಕ್ತಾ ಇದ್ದೇನೆ ಅಕ್ಕಾ" ಎಂದಳು ಹುಡುಗಿ. "ಆದರೆ ಕಣ್ಣು ಸೋತುಹೋಯ್ತು."

ಅವಳ ಹೆಸರು ಶ್ರೇಯಾ. ಹೊನ್ನಾವರ ತಾಲೂಕಿನ ಶರಾವತಿ ದಂಡೆಯ ತೋಟದವರ ಮನೆಯ ಮಗಳು. ಸಸ್ಯರೋಗ ಓದಿ ಡಾಕ್ಟರೇಟ್ ಮುಗಿಸಿ, ಕರಾವಳಿಯ ಬಾಳೆಗೆ ಬಿದ್ದ ರೋಗವೊಂದರ ಸಂಶೋಧನೆಗೆ ಬಂದಿದ್ದಳು. ಹೊನ್ನಾವರದ ಬಂದರು ರಸ್ತೆಯಲ್ಲಿ ಒಂದು ಕೋಣೆ, ಒಂದು ಸ್ಕೂಟರು, ಭಟ್ಕಳದಿಂದ ಕುಮಟಾದವರೆಗಿನ ನೂರಾರು ಹಿತ್ತಲು ಅವಳ ಪಾಲಿಗೆ ಬಂದಿದ್ದವು. ಜೊತೆಗೆ ತಿರುಗಲು ದಾರಿ ಬಲ್ಲ ಒಬ್ಬರು ಬೇಕಾಗಿದ್ದರು.

"ನೋಡೂ ಕೆಲಸ ಆದ್ರೆ ನಮ್ಮನೆಯವ್ರಿದ್ರು" ಎಂದಳು ಜಯಂತಿ. ಮನೆಗೆ ಬಂದು ಗಂಡನಿಗೆ ಹೇಳುವಾಗ ಮಾತ್ರ ಬೇರೆ ಥರ ಹೇಳಿದಳು: "ಪಾಪ, ಒಬ್ಳೇ ಹೆಣ್ಣುಹುಡುಗಿ ಊರೂರು ತಿರುಗ್ತದೆ. ನಾಲ್ಕು ದಿನ ದಾರಿ ತೋರ್ಸಿ ಬನ್ನಿ."

ಆ ನಾಲ್ಕು ದಿನ ಮುಗಿಯಲೇ ಇಲ್ಲ.

ರೋಗದ ಹೆಸರು ಪುಸ್ತಕದಲ್ಲಿ ಎಲೆಗುಚ್ಛ ರೋಗ, ತೋಟದವರ ಬಾಯಲ್ಲಿ ಬಂಚಿಟಾಪ್. ಹೇನಿನಂಥ ಚಿಕ್ಕ ಕಂದು ಕೀಟವೊಂದು ಬಾಳೆಯ ರಸ ಹೀರುವಾಗ ವೈರಸ್ಸನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ರೋಗ ಬಲಿತ ಮೇಲೆ ಯಾರಿಗೂ ಗೊತ್ತಾಗುತ್ತದೆ. ಹೊಸ ಎಲೆಗಳು ಸಣ್ಣಗೆ, ಗಿಡ್ಡಗೆ, ನೆಟ್ಟಗೆ ನಿಂತು, ಯಾರೋ ಜುಟ್ಟು ಹಿಡಿದು ಕಟ್ಟಿದ ಹಾಗೆ ತುದಿಯಲ್ಲಿ ಗುಂಪುಗೂಡುತ್ತವೆ. ಆ ಗಿಡ ಗೊನೆ ಹಾಕುವುದಿಲ್ಲ. ಅದಕ್ಕೆ ಮದ್ದೂ ಇಲ್ಲ. ಬುಡಸಮೇತ ಕಿತ್ತು ನಾಶ ಮಾಡುವುದೊಂದೇ ದಾರಿ. ಆದರೆ ಜುಟ್ಟು ಕಟ್ಟುವ ಹೊತ್ತಿಗೆ ರೋಗ ಪಕ್ಕದ ಗಿಡಕ್ಕೆ ಹೋಗಿ ಕೂತಿರುತ್ತದೆ. ಮೊದಲೇ ಹಿಡಿಯಬೇಕಾದರೆ ಎಲೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ, ನಡುದಂಟಿನ ಹತ್ತಿರ ನೋಡಬೇಕು. ಅಲ್ಲಿ ಕಡುಹಸಿರು ಚುಕ್ಕೆಗಳು, ತುಂಡು ತುಂಡು ಗೆರೆಗಳು ಕಾಣುತ್ತವೆ. ಹಸಿರಿನೊಳಗಿನ ಹಸಿರು.

ಮೊದಲ ದಿನ ಶ್ರೇಯಾ ತೋರಿಸಿಕೊಟ್ಟಳು. ಎರಡನೆಯ ದಿನ, ಅವಳು "ಇದು ಸರಿ ಇದೆ" ಎಂದು ಬಿಟ್ಟು ಮುಂದೆ ಹೋದ ಗಿಡದ ಮುಂದೆ ದಿನಕರ ನಿಂತೇ ಇದ್ದ.

"ಮೇಡಂ, ಇದ್ರಲ್ಲಿ ಅದೆ."

ಅವಳು ಬಂದು ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಕಾಣಲಿಲ್ಲ. ಆದರೂ ಎಲೆಯ ತುಂಡನ್ನು ಕತ್ತರಿಸಿ ಚೀಲಕ್ಕೆ ಹಾಕಿ, ಲ್ಯಾಬಿಗೆ ಕಳಿಸಿದಳು. ಹತ್ತು ದಿನಕ್ಕೆ ಉತ್ತರ ಬಂತು. ಗಿಡದಲ್ಲಿ ವೈರಸ್ ಇತ್ತು.

ಅವಳು ಅಷ್ಟಕ್ಕೇ ನಂಬಿಬಿಡುವವಳಲ್ಲ. ಐವತ್ತು ಎಲೆ ತಂದು, ಹೆಸರು ಊರು ಹೇಳದೆ ಬರೀ ನಂಬರು ಹಾಕಿ ಅವನ ಮುಂದಿಟ್ಟಳು. ಅವನು ಒಂದೊಂದನ್ನೇ ಕಿಟಕಿಗೆ ಹಿಡಿದು ಎರಡು ರಾಶಿ ಮಾಡಿದ. ನಲವತ್ತೇಳು ಸರಿ, ಮೂರು ತಪ್ಪು. ಸಂಜೆ ಅವನು ಬಸ್ಸಿನಲ್ಲಿ ಮನೆಗೆ ಬಂದವನು, ಹಿತ್ತಲಲ್ಲಿ ಮೀನು ತೊಳೆಯುತ್ತಿದ್ದ ಜಯಂತಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಆ ಮೂರು ಎಲೆ ಹೇಗೆ ತಪ್ಪಿದವು ಎಂದು ಅರ್ಧ ಗಂಟೆ ವಿವರಿಸಿದ. ಕೈ ಹೋದ ಮೇಲೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಜಯಂತಿಗೆ ಎಲೆಯ ಸಂಗತಿ ಒಂದೂ ತಿಳಿಯಲಿಲ್ಲ. ಹೂಂ ಹೂಂ ಎನ್ನುತ್ತ, ತೊಳೆದ ಮೀನನ್ನೇ ಮತ್ತೊಮ್ಮೆ ತೊಳೆದಳು.

ಶ್ರೇಯಾ ಸ್ಕೂಟರು ಓಡಿಸುವಳು, ದಿನಕರ ಎಲೆಯ ಚೀಲ ಹಿಡಿದು ಹಿಂದೆ ಕೂರುವನು. ಮೊದಮೊದಲು ಜನ ತಿರುಗಿ ನೋಡಿ ನಕ್ಕರು. ಆಮೇಲೆ ನಗು ನಿಂತಿತು. ಇವರು ಬಂದು ಹೋದ ಹಿತ್ತಲಲ್ಲಿ ಬಾಳೆ ಉಳಿಯುವುದಿಲ್ಲ ಎಂಬ ಸುದ್ದಿ ಹರಡಿತ್ತು. ಅವನಿಗೆ 'ಬಾಳೆ ಕಡ್ಸುವವ' ಎಂಬ ಹೆಸರೂ ಬಂತು. ಗೊನೆ ಹಾಕುವ ಆಸೆಯಲ್ಲಿ ಸಾಕಿದ ಗಿಡವನ್ನು, ಇನ್ನೂ ಹಸಿರಾಗಿ ನಿಂತದ್ದನ್ನು, ಎಲ್ಲಿಯದೋ ಗೆರೆ ತೋರಿಸಿ ಕಿತ್ತು ಹಾಕಿ ಅಂದರೆ ಯಾರು ಒಪ್ಪುತ್ತಾರೆ? ಕೆಲವರು ಆಯ್ತು ಎಂದು ತಲೆಯಾಡಿಸಿ ಹಾಗೇ ಬಿಟ್ಟರು. ಇನ್ನು ಕೆಲವರು ಬೇಲಿಯ ಬಾಗಿಲನ್ನೇ ತೆಗೆಯಲಿಲ್ಲ.

ಹೊನ್ನಾವರದ ಕೋಣೆಯ ಗೋಡೆಗೆ ಮೂರು ತಾಲೂಕಿನ ನಕ್ಷೆ ಹಚ್ಚಿತ್ತು. ರೋಗ ಸಿಕ್ಕ ಮನೆಗೆಲ್ಲ ಕೆಂಪು ಗುಂಡುಸೂಜಿ. ಹೇನು ಹಾರಿ ಹೋಗಿ ಹರಡಿದ್ದಾದರೆ ಸೂಜಿಗಳು ಒಂದರ ಪಕ್ಕ ಒಂದು ಇರಬೇಕಿತ್ತು. ಆದರೆ ಭಟ್ಕಳದ ಹತ್ತಿರದ ಮುಟ್ಟಳ್ಳಿಯ ಸುತ್ತ ನಾಲ್ಕು, ಮಧ್ಯೆ ಹದಿನೈದು ಇಪ್ಪತ್ತು ಕಿಲೋಮೀಟರು ಏನೂ ಇಲ್ಲ, ಆಮೇಲೆ ಹೊನ್ನಾವರದ ಹತ್ತಿರ ಎರಡು, ಮತ್ತೆ ಖಾಲಿ, ಕುಮಟಾದ ದಾರಿಯಲ್ಲಿ ಮೂರು. ಶ್ರೇಯಾ ಗಾಳಿಯ ದಿಕ್ಕು, ಮಳೆಯ ಲೆಕ್ಕ ಎಲ್ಲ ಹಾಕಿ ನೋಡಿದ್ದಳು. ಹೊಂದಲಿಲ್ಲ.

ದಿನಕರ ಚಹಾದ ಲೋಟ ಹಿಡಿದು ನಕ್ಷೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಅವನ ತಾಯಿ ಗಂಗಿ ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮುಟ್ಟಳ್ಳಿಯ ಕಡೆ ತಿರುಗಿದವಳು. ಯಾವ ಮನೆಯ ಹೆಣ್ಣನ್ನು ಯಾವ ಊರಿಗೆ ಕೊಟ್ಟರು, ಯಾರ ಬಾಣಂತನ ಎಲ್ಲಿ ಎಂಬುದೆಲ್ಲ ಅವಳ ಬಾಯಲ್ಲಿತ್ತು. ಕೇಳಿ ಕೇಳಿ ಮಗನಿಗೂ ಸುಮಾರು ಗೊತ್ತಿತ್ತು.

"ಇದು ಗಾಳಿ ಹೋದ ದಾರಿ ಅಲ್ಲ ಮೇಡಂ" ಎಂದ. "ಹೆಣ್ಣು ಕೊಟ್ಟ ದಾರಿ."

"ಅಂದ್ರೆ?"

"ಈ ಮನೆ ಹೆಣ್ಣು ಮುಟ್ಟಳ್ಳಿಯದು. ಇದೂ ಮುಟ್ಟಳ್ಳಿಯದೇ. ಗಂಡನ ಮನೆಗೆ ಹೋಗುವಾಗ ಬರೀಗೈಲಿ ಹೋಗ್ತ್ರಾ? ತವರಿಂದ ಬಾಳೆ ಕಂದು ಕಿತ್ಕೊಂಡು ಹೋಗ್ತ್ರು."

ಬಾಳೆಯ ಬುಡದಲ್ಲಿ ಹುಟ್ಟುವ ಮರಿಗೆ ಕಂದು ಎನ್ನುತ್ತಾರೆ. ತಾಯಿಗಿಡಕ್ಕೆ ರೋಗವಿದ್ದರೆ ಕಂದಿಗೂ ಇರುತ್ತದೆ. ಶ್ರೇಯಾ ಕುರ್ಚಿಯಿಂದ ಎದ್ದು ನಿಂತಳು. ಆ ವಾರವೇ ಇಬ್ಬರೂ ಕೆಂಪು ಸೂಜಿಯ ಮನೆಗಳಿಗೆಲ್ಲ ಮರಳಿ ಹೋಗಿ, ಕಂದು ಯಾರು ಕೊಟ್ಟದ್ದು ಎಂದು ಕೇಳಿದರು. ಒಂಬತ್ತು ಮನೆಯಲ್ಲಿ ಎಂಟು ಮನೆಯವರು ಒಂದೇ ಹೆಸರು ಹೇಳಿದರು: ಮುಟ್ಟಳ್ಳಿಯ ಮಾಸ್ತಮ್ಮ.

ಮಾಸ್ತಮ್ಮನಿಗೆ ಎಪ್ಪತ್ತೆರಡು. ಮಗ ಗೋವಾದಲ್ಲಿ ಹಡಗುಕಟ್ಟೆಯ ಕೆಲಸ ಮಾಡಿ ತಿಂಗಳಿಗೊಮ್ಮೆ ಬರುತ್ತಾನೆ. ಸೊಸೆ ಕವಿತಾ ಊರಿನ ಆಶಾ ಕಾರ್ಯಕರ್ತೆ. ಮನೆಯ ಮುಂದೆ ಗದ್ದೆ, ಬದಿಗೆ ತೆಂಗು, ಹಿಂದೆ ಬಾವಿಕಟ್ಟೆಯ ಪಕ್ಕ ಬಾಳೆಯ ದೊಡ್ಡ ಹಿಂಡು. ಆ ಬಾಳೆಗೆ ಹೆಸರಿಲ್ಲ. ಕಾಯಿ ಪುಟ್ಟಬಾಳೆಗಿಂತ ದಪ್ಪ, ಸಿಪ್ಪೆ ತೆಳು, ಹಣ್ಣಾದ ಮೇಲೂ ಕೊನೆಯಲ್ಲೊಂದು ಸಣ್ಣ ಹುಳಿ. ಅತ್ತೆ ನೆಟ್ಟದ್ದು ಎಂದಷ್ಟೇ ಮಾಸ್ತಮ್ಮನಿಗೆ ಗೊತ್ತು. ಊರಿನವರ ಬಾಯಲ್ಲಿ ಅದು ಮಾಸ್ತಮ್ಮನ ಬಾಳೆ. ಮದುವೆಯಾಗಿ ಹೋಗುವವರಿಗೆ, ಹೊಸ ಮನೆ ಕಟ್ಟಿದವರಿಗೆ, ಬಾಣಂತನ ಮುಗಿಸಿ ಹೊರಟವರಿಗೆ ಅವಳು ಒಂದು ಕಂದು ಕೊಡದೆ ಕಳಿಸಿದವಳಲ್ಲ. ದಿನಕರನ ತಾಯಿ ಗಂಗಿಗೂ ಅವಳಿಗೂ ಬಹಳ ಬಳಕೆ. ಗಂಗಿ ತೀರಿಕೊಂಡ ದಿನ ಮಾಸ್ತಮ್ಮ ಮುರ್ಡೇಶ್ವರದ ತನಕ ಬಂದು, ಮೊಗೇರರ ಕೇರಿಯ ಹೆಂಗಸರ ನಡುವೆ ಕೂತು ಅತ್ತಿದ್ದಳು.

ಮರುವಾರ ಶ್ರೇಯಾ ಲ್ಯಾಬಿಗೆ ಹೋಗಿದ್ದಳು. ದಿನಕರ ಒಬ್ಬನೇ ಮುಟ್ಟಳ್ಳಿಗೆ ಹೋದ.

"ಗಂಗಿ ಮಗ ಬಂದ! ಬಾ, ಬಾ" ಎಂದು ಮಾಸ್ತಮ್ಮ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಲ್ಲದ ಬೆರಳುಗಳ ಜಾಗವನ್ನು ನೋಡಿಯೂ ನೋಡದವರ ಹಾಗೆ ನಡೆದುಕೊಳ್ಳುವವರೇ ಎಲ್ಲ. ಅವಳು ಹಾಗಲ್ಲ, ಅಲ್ಲೇ ಸವರಿದಳು. "ನೋಯ್ತದಾ ಈಗ?"

"ಇಲ್ಲಮ್ಮ. ಮಳೆ ಬಂದಾಗ ಸ್ವಲ್ಪ."

ಅವನು ಹಿಂಡಿನೊಳಗೆ ಹೊಕ್ಕು ಒಂದು ಎಲೆ ಬಗ್ಗಿಸಿ ಬಿಸಿಲಿಗೆ ಹಿಡಿದ. ಚುಕ್ಕೆ, ಗೆರೆ, ಚುಕ್ಕೆ. ಎರಡನೆಯ ಗಿಡದಲ್ಲೂ. ನಾಲ್ಕನೆಯದರಲ್ಲೂ. ಎಲೆಯ ಕಂಕುಳಲ್ಲಿ ಹೇನು ಸಾಲುಗಟ್ಟಿ ಕೂತಿದ್ದವು.

"ನಮ್ಮದು ಚಲೋ ಅದಲ್ಲ?" ಬಾವಿಕಟ್ಟೆಯಿಂದ ಮಾಸ್ತಮ್ಮ ಕೇಳಿದಳು.

"ಅದೆ" ಎಂದ ದಿನಕರ. ಸಮೀಕ್ಷೆಯ ಫಾರಂ ತೆಗೆದು, ಎಡಗೈಯಲ್ಲಿ ಕಲಿತ ಸೊಟ್ಟ ಅಕ್ಷರದಲ್ಲಿ 'ರೋಗ ಇಲ್ಲ' ಎಂದು ಬರೆದ. ಅವಳು ಕೊಟ್ಟ ಎರಡು ಹಣ್ಣು ಬೇಡವೆನ್ನಲಾಗದೆ ಚೀಲಕ್ಕೆ ಹಾಕಿಕೊಂಡ. ದಾರಿಯಲ್ಲಿ ತಿನ್ನಲು ಮನಸ್ಸಾಗಲಿಲ್ಲ.

ಶ್ರೇಯಾ ಮರಳಿ ಬಂದು ಆ ಫಾರಂ ನೋಡಿ ಮಂಕಾದಳು. ಎಂಟು ಮನೆಗೆ ಕಂದು ಕೊಟ್ಟ ಹಿಂಡಿನಲ್ಲೇ ರೋಗವಿಲ್ಲ ಎಂದಾದರೆ, ದಿನಕರನ ಯೋಚನೆಯೇ ತಪ್ಪು. ಅಥವಾ ತನ್ನ ಪರೀಕ್ಷೆಯೇ ತಪ್ಪು. ಮೂರು ವಾರ ಅವಳು ಹಳೆಯ ಲೆಕ್ಕವನ್ನೆಲ್ಲ ಬಿಚ್ಚಿ ಕೂತಳು. ದೀಪಾವಳಿಗೆ ಮನೆಗೂ ಹೋಗಲಿಲ್ಲ. "ಬಪ್ಲೆ ಆಗ್ತಿಲ್ಲೆ ಆಯಿ, ಕೆಲಸ ಇದ್ದು" ಎಂದು ತಾಯಿಗೆ ಫೋನಿನಲ್ಲಿ ಹೇಳುವಾಗ ಅವಳ ದನಿ ಬಿದ್ದುಹೋಗಿದ್ದು ಬಾಗಿಲಲ್ಲಿ ನಿಂತ ದಿನಕರನಿಗೆ ಕೇಳಿತು.

ಅವನು ಮನೆಗೆ ಬಂದು ಜಯಂತಿಯ ಹತ್ತಿರ ಎಲ್ಲ ಹೇಳಿದ.

ಜಯಂತಿ, "ಬೋಟಲ್ಲಿ ಮೀನಿಲ್ಲದ ಜಾಗ ತೋರ್ಸಿ ಇಲ್ಲಿ ಬಲೆ ಬಿಡಿ ಅಂತ ಯಾವತ್ತಾದ್ರೂ ಹೇಳಿದ್ರಾ?" ಎಂದು ಕೇಳಿದಳು.

"ಇಲ್ಲ."

"ಮತ್ತೆ?"

ಮರುದಿನ ಬೆಳಿಗ್ಗೆ ಅವನು ಶ್ರೇಯಾಳ ಮೇಜಿನ ಮುಂದೆ ನಿಂತು ಹೇಳಿದ. "ಮಾಸ್ತಮ್ಮನ ಹಿಂಡಲ್ಲಿ ರೋಗ ಅದೆ ಮೇಡಂ. ನಾ ಕಂಡಿದ್ದೆ. ಕಂಡೂ ಇಲ್ಲ ಅಂತ ಬರ್ದೆ."

ಅವಳ ಮುಖ ಕೆಂಪಾಯಿತು. ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕಪಾಟಿನಿಂದ ಫಾರಂಗಳ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟಳು. "ನೀವು ಒಬ್ಬರೇ ಹೋಗಿ ನೋಡಿ ಬಂದ ಮನೆ ಇದರಲ್ಲಿ ಅರವತ್ತೆರಡು ಇದೆ, ದಿನಕರಣ್ಣ. ಇನ್ನು ಇದರಲ್ಲಿ ಯಾವುದನ್ನೂ ನಾನು ನಂಬೋ ಹಾಗಿಲ್ಲ. ಎಲ್ಲ ಮೊದಲಿನಿಂದ ನೋಡಬೇಕು."

"ಬೇರೆ ಯಾವ್ದೂ ಸುಳ್ಳಲ್ಲ ಮೇಡಂ."

"ನಂಗೆ ಗೊತ್ತು. ಆದರೂ ನೋಡಬೇಕು."

ಅರವತ್ತೆರಡು ಮನೆಗೂ ಮತ್ತೆ ಹೋದರು. ಒಂದು ತಿಂಗಳು ಹಿಡಿಯಿತು. ಆ ತಿಂಗಳಿಡೀ ಅವಳು ಅವನೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಅರವತ್ತೊಂದರಲ್ಲಿ ಅವನು ಬರೆದದ್ದೇ ಸರಿಯಾಗಿತ್ತು. ಅರವತ್ತೆರಡನೆಯದು ಮುಟ್ಟಳ್ಳಿಯದು. ಅದನ್ನು ಕೊನೆಗೆ ಉಳಿಸಿಕೊಂಡಿದ್ದರು. ಲ್ಯಾಬಿನ ಉತ್ತರ ಬಂದ ದಿನ ಶ್ರೇಯಾ ಹೇಳಿದಳು: "ಅವರಿಗೆ ನೀವೇ ಹೇಳಿ. ನಾನು ಜೊತೆಗೆ ಬರ್ತೇನೆ, ಆದರೆ ಹೇಳೋದು ನೀವು."

ಮಾಸ್ತಮ್ಮ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ದಿನಕರ ಅವಳ ಪಕ್ಕ ನೆಲಕ್ಕೆ ಕೂತ. ಹಿಂದಿನ ಸಲ ಸುಳ್ಳು ಹೇಳಿದ್ದನ್ನೇ ಮೊದಲು ಹೇಳಿದ. ಆಮೇಲೆ ರೋಗದ್ದು. ಆಮೇಲೆ ಎಂಟು ಮನೆಗಳದ್ದು.

ಅವಳು ಭತ್ತದ ಮೇಲಿನ ಕೈ ತೆಗೆಯಲಿಲ್ಲ.

"ನಾ ಕೊಟ್ಟದ್ದೆಲ್ಲ ರೋಗನಾ ಮಗಾ? ಇಷ್ಟು ವರ್ಷ?"

"ಇಷ್ಟು ವರ್ಷ ಅಲ್ಲಮ್ಮ" ಎಂದು ಶ್ರೇಯಾ ಮುಂದೆ ಬಂದು ಕೂತಳು. "ಇದು ನಿಮ್ಮ ಹಿಂಡಿಗೆ ಬಂದು ಹೆಚ್ಚೆಂದರೆ ಎರಡು ಮೂರು ವರ್ಷ. ಎಲ್ಲಿಂದ ಬಂತೋ ಹೇಳೋಕಾಗೋದಿಲ್ಲ. ಒಂದು ಹೇನು ಸಾಕು. ನಿಮ್ಮ ತಪ್ಪಲ್ಲ."

"ತಪ್ಪಲ್ಲ ಅಂದ್ರೆ ಆತಾ? ನನ್ ಕೈಯಿಂದ ಹೋತಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. ದಿನಕರನಿಗೆ ಬೇರೆ ಕಡೆ ನೋಡಬೇಕೆನಿಸಿತು, ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಒಳಗೆ ಕರೆದಳು: "ಕವಿತಾ, ಒಂದ್ ಪೆನ್ನು ತಕ ಬಾ."

ಯಾರಿಗೆ ಕೊಟ್ಟೆ ಎಂದು ಅವಳು ಹೇಳುತ್ತ ಹೋದಳು, ಸೊಸೆ ಬರೆದುಕೊಂಡಳು. ಇಪ್ಪತ್ತೇಳು ಮನೆ. ಪ್ರತಿ ಮನೆಗೂ ಒಂದು ಕಾರಣ, ಒಂದು ತಿಂಗಳು, ಆ ದಿನ ಮಳೆ ಇತ್ತೋ ಬಿಸಿಲೋ ಎಂಬುದು. ಮುಗಿದ ಮೇಲೆ ಮಾಸ್ತಮ್ಮ ಎದ್ದಳು. "ನೀವು ಹೋಗಿ ಹೇಳೂದು ಬೇಡ. ಕೊಟ್ಟವಳು ನಾನು. ನಾನೇ ಹೇಳ್ತೆ."

ಮೊದಲು ತನ್ನ ಹಿಂಡನ್ನೇ ತೆಗೆಸಿದಳು. ಹೇನು ಹಾರಿ ಹೋಗದಂತೆ ಸುಳಿಗೆ ಸೀಮೆಎಣ್ಣೆ ಹಾಕಿ, ಮರುದಿನ ಗೆಡ್ಡೆಸಮೇತ ಅಗೆದು, ಕೊಚ್ಚಿ ಒಣಗಿಸಬೇಕು. ದಿನಕರ ಉಳಿದೆರಡು ಬೆರಳು ಮತ್ತು ಎಡಗೈಯಲ್ಲಿ ಪಿಕಾಸಿ ಹಿಡಿದು ಬೇರೆಯವರ ಸಮಕ್ಕೆ ಅಗೆದ. ಒಂದು ಗಿಡದಲ್ಲಿ ಅರ್ಧ ಬೆಳೆದ ಗೊನೆಯಿತ್ತು. ಮಾಸ್ತಮ್ಮ ಅದರ ಮೇಲೊಮ್ಮೆ ಕೈಯಾಡಿಸಿ, "ಹೂಂ, ಹಾಕು" ಎಂದು ಒಳಗೆ ಹೋದಳು. ಅವರ ಕೆಲಸ ಮುಗಿಯುವವರೆಗೆ ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಎಲ್ಲರಿಗೂ ಮಜ್ಜಿಗೆ ಇತ್ತು.

ಆಮೇಲೆ ದೇವರಾಜ ಎಂಬವನ ಆಟೋರಿಕ್ಷಾ ಗೊತ್ತುಮಾಡಿ, ವಾರಕ್ಕೆ ಮೂರು ದಿನ ಮಾಸ್ತಮ್ಮನೂ ದಿನಕರನೂ ಹೊರಟರು. ಅವಳು ಯಾವ ಮನೆಗೂ ಕುಂಕುಮ, ಒಂದು ತೆಂಗಿನಕಾಯಿ ಇಲ್ಲದೆ ಹೋಗಲಿಲ್ಲ. ಕೂತು ಮಕ್ಕಳು ಮರಿ ವಿಚಾರಿಸಿ, ಚಹಾ ಕುಡಿದು, ಕೊನೆಗೆ ಹೇಳುವಳು: "ನಾ ಕೊಟ್ಟ ಬಾಳೆಗೆ ರೋಗ ಬಂದದೆ ಮಗಳೇ. ನಂಗೆ ಗೊತ್ತಿರ್ಲಿಲ್ಲ. ನಾ ನನ್ದು ತೆಗ್ಸಿದೆ. ನೀನೂ ತೆಗ್ಸು. ಸಿಟ್ಟು ಮಾಡ್ಬೇಡ." ಹಿಂದೆ ದಿನಕರನಿಗೆ ಬಾಗಿಲು ತೆರೆಯದ ಮನೆಯಲ್ಲೂ ಗಂಡಸರು ಹಾರೆ ಹುಡುಕಲು ಎದ್ದರು. ಒಂದು ಕಡೆ ಹೊಸದಾಗಿ ಮದುವೆಯಾದ ಹುಡುಗಿ, ತವರಿಂದ ತಂದದ್ದು ಅದೊಂದೇ ಎಂದು ಅತ್ತಾಗ, ಮಾಸ್ತಮ್ಮ ಅವಳನ್ನು ಎದೆಗೆ ಒರಗಿಸಿಕೊಂಡು ತಾನೂ ಅತ್ತಳು. ಆಮೇಲೆ ಇಬ್ಬರೂ ಸೇರಿ ಸುಳಿಗೆ ಸೀಮೆಎಣ್ಣೆ ಹೊಯ್ದರು.

ಈ ಬಾಳೆಯ ಶುದ್ಧ ಗಿಡ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದರೆ, ಹಳೆಯ ಕಾಲದಲ್ಲಿ ಕೊಟ್ಟ ಕಂದುಗಳಲ್ಲಿ ಹೆಚ್ಚಿನವು ಉಳಿದೇ ಇರಲಿಲ್ಲ. ಉಳಿದ ಒಂದೆರಡಕ್ಕೆ ಪಕ್ಕದಿಂದ ರೋಗ ಹತ್ತಿತ್ತು. ಶ್ರೇಯಾ ಮಾಸ್ತಮ್ಮನ ಹಿಂಡು ಅಗೆಯುವ ಮೊದಲೇ ಅದರ ಕಂದುಗಳ ಕುಡಿಯ ತುದಿಯನ್ನು, ಸಾಸಿವೆಗಿಂತ ಚಿಕ್ಕದಾಗಿ ಕತ್ತರಿಸಿ, ಲ್ಯಾಬಿನ ಗಾಜಿನ ಬಾಟಲಿಗಳಲ್ಲಿ ಬೆಳೆಸಲು ಕೊಟ್ಟಿದ್ದಳು. ವೈರಸ್ ಮೈಯೆಲ್ಲ ಹರಡಿದ ಗಿಡದಲ್ಲೂ ಆ ಒಂದು ಚುಕ್ಕೆ ಕೆಲವೊಮ್ಮೆ ಶುದ್ಧ ಇರುತ್ತದೆ. ನಲವತ್ತು ಬಾಟಲಿಯಲ್ಲಿ ಮೂವತ್ತು ಬೂಷ್ಟು ಹಿಡಿದವು. ಚಿಗುರಿದ ಹತ್ತರಲ್ಲೂ ವೈರಸ್ ಇತ್ತು. ಈ ಬಾಳೆಯ ಜಾತಿ ಇಲ್ಲಿಗೆ ಮುಗಿಯಿತು ಎಂದು ಹೇಳಲು ಅವಳು ಮುಟ್ಟಳ್ಳಿಗೆ ಬಂದಳು. ಪಟ್ಟಿಯ ಇಪ್ಪತ್ತೇಳು ಮನೆಯೂ ಆಗ ಮುಗಿದಿತ್ತು.

ಮಾಸ್ತಮ್ಮ ದಿನಕರನ ಕಡೆ ತಿರುಗಿದಳು.

"ಇನ್ನೊಂದ್ ಮನೆ ಅದೆ. ಬರೆಸ್ಲಿಲ್ಲ ನಾನು. ಹೋಗೂಕೆ ಮುಖ ಇಲ್ಲ."

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಅವರ ಗದ್ದೆಗೆ ಈರ ಎಂಬವನು ಕೆಲಸಕ್ಕಿದ್ದ. ಮಾಸ್ತಮ್ಮನ ಗಂಡ ಅವನ ಮೇಲೆ ತೆಂಗಿನಕಾಯಿ ಕದ್ದ ಆರೋಪ ಹೊರಿಸಿ, ಹತ್ತು ಜನರ ಎದುರು ಕೈ ಎತ್ತಿದ. ಈರ ಆ ವಾರವೇ ಹೆಂಡತಿ, ಕೂಸನ್ನು ಕಟ್ಟಿಕೊಂಡು ಕುಮಟಾದ ಹೊಳನಗದ್ದೆಗೆ ಹೆಂಡತಿಯ ತವರಿಗೆ ಹೋದ. ಕದ್ದದ್ದು ಬೇರೆಯವನು ಎಂಬುದು ಎರಡು ತಿಂಗಳಿಗೆ ಗೊತ್ತಾಯಿತು. ಗಂಡ ತಪ್ಪಾಯಿತು ಎನ್ನಲು ಹೋಗಲಿಲ್ಲ. ಹೋಗಲು ಮಾಸ್ತಮ್ಮನನ್ನೂ ಬಿಡಲಿಲ್ಲ. ಅವರು ಹೊರಟ ಬೆಳಿಗ್ಗೆ ಅವಳು ಮಾಡಿದ್ದು ಇಷ್ಟೇ: ಬೇಲಿಯಾಚೆ ಈರನ ಹೆಂಡತಿಯ ಕೈಗೆ ಒಂದು ಬಾಳೆ ಕಂದು ದಾಟಿಸಿದ್ದಳು.

"ಅವರ ಹಿತ್ತಲಲ್ಲಿ ಈಗ್ಲೂ ಅದೆಯೋ ಇಲ್ವೋ" ಎಂದಳು.

ಮರುದಿನ ಮೂವರೂ ರೈಲಿನಲ್ಲಿ ಕುಮಟಾಕ್ಕೆ ಹೋಗಿ, ಅಲ್ಲಿಂದ ಹೊಳನಗದ್ದೆಗೆ ಆಟೋ ಹಿಡಿದರು. ಈರನ ಮಗಳು ಅಮಿತಾ ಹೊಲಿಗೆ ಯಂತ್ರದಿಂದ ಎದ್ದು ಬಂದು ಯಾರು ಎಂದು ಕೇಳಿದಳು. ಒಳಗಿನಿಂದ ಈರ ಬಂದ. ಅರವತ್ತೈದರ ಮೇಲಾಗಿತ್ತು. ಗುರುತು ಹಿಡಿಯಲು ಅವನಿಗೆ ಹೊತ್ತು ಬೇಕಾಗಲಿಲ್ಲ.

"ಒಡತಿ" ಎಂದ.

"ಹಾಂಗೆ ಕರೀಬೇಡ ಈರಾ. ಅವತ್ತು ನೀನು ಕದೀಲಿಲ್ಲ. ನಮ್ಗೆ ಆಮೇಲೆ ಗೊತ್ತಾತು. ಗೊತ್ತಾಗಿಯೂ ಬರ್ಲಿಲ್ಲ. ನಮ್ಮನೆಯವ್ರು ತೀರ್ಹೋದ್ರು. ಅವ್ರು ಹೋದ್ಮೇಲಾದ್ರೂ ಬರ್ಬಹುದಿತ್ತು, ಬರ್ಲಿಲ್ಲ. ಈಗ್ಲೂ ಬಾಳೆ ಕೇಳೂಕೆ ಬಂದೆ. ನಾಚ್ಕೆ ಆಗ್ತದೆ."

ಈರ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. "ಅವಳಿದ್ದಿದ್ರೆ ಖುಷಿ ಪಡ್ತಿದ್ಲು" ಎಂದ ಕೊನೆಗೆ. ಹೆಂಡತಿ ತೀರಿ ಆರು ವರ್ಷವಾಗಿತ್ತು. "ಬಿಸಿಲಲ್ಲಿ ನಿಲ್ಬೇಡಿ. ಒಳಗೆ ಬನ್ನಿ."

ಮನೆಯ ಹಿಂದೆ, ಅಕ್ಕಪಕ್ಕದಲ್ಲಿ ಬೇರೆ ಬಾಳೆಯಿಲ್ಲದ ಮರಳುಮಿಶ್ರಿತ ಜಾಗದಲ್ಲಿ, ಹದಿನಾಲ್ಕು ಗಿಡ ಸಾಲಾಗಿ ನಿಂತಿದ್ದವು. ದಿನಕರ ಒಂದೊಂದೇ ಎಲೆ ಬಗ್ಗಿಸಿ ನೋಡಿದ. ಒಂದು ಗಂಟೆ ಹಿಡಿಯಿತು. ಹದಿನಾಲ್ಕೂ ಮುಗಿದ ಮೇಲೆ ಮೊದಲಿನಿಂದ ಮತ್ತೆ ನೋಡಿದ.

"ಇಲ್ಲ ಮೇಡಂ. ಒಂದ್ರಲ್ಲೂ ಇಲ್ಲ." ಸ್ವಲ್ಪ ತಡೆದು ಸೇರಿಸಿದ: "ನೀವೂ ನೋಡಿ. ಎಲ್ಲದ್ರದ್ದೂ ಲ್ಯಾಬಿಗೆ ಕಳ್ಸಿ."

ಶ್ರೇಯಾ ನಕ್ಕಳು. ಅವಳು ಅವನ ಎದುರು ಹಾಗೆ ನಗದೆ ತಿಂಗಳುಗಳಾಗಿದ್ದವು. "ಕಳಿಸ್ತೇನೆ ದಿನಕರಣ್ಣ" ಎಂದಳು.

ಲ್ಯಾಬು ಮೂರು ತಿಂಗಳ ಅಂತರದಲ್ಲಿ ಮೂರು ಸಲ ಪರೀಕ್ಷಿಸಿ ಮೂರು ಸಲವೂ ಶುದ್ಧ ಎಂದಿತು. ಅಷ್ಟರೊಳಗೆ ಮುಟ್ಟಳ್ಳಿಯ ಸುತ್ತ ಹೊಸ ರೋಗ ಕಾಣುವುದೂ ನಿಂತುಹೋಗಿತ್ತು. ಸಮೀಕ್ಷೆಯ ಫಾರಂನಲ್ಲಿ 'ಕಂದು ಕೊಟ್ಟವರು ಯಾರು' ಎಂಬ ಹೊಸ ಸಾಲು ಸೇರಿತು. ದಿನಕರನ ಕೆಲಸ ಇನ್ನೂ ಎರಡು ವರ್ಷಕ್ಕೆ ಮುಂದುವರಿಯಿತು.

ಮರುವರ್ಷ ಜೂನ್ ಮೊದಲ ವಾರ ಈರ ತಾನೇ ಐದು ಕಂದುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಮಗಳ ಜೊತೆ ಮುಟ್ಟಳ್ಳಿಗೆ ಬಂದ. ದಿನಕರ ಭಟ್ಕಳ ಸ್ಟೇಷನ್ನಿಗೆ ಹೋಗಿ ಕರೆತಂದ. ಎಲ್ಲಿ ನೆಡುವುದು ಎಂಬುದಕ್ಕೆ ಹಿತ್ತಲಲ್ಲಿ ದೊಡ್ಡ ಚರ್ಚೆಯೇ ಆಯಿತು. ಮಾಸ್ತಮ್ಮ ಬಾವಿಕಟ್ಟೆಯ ಹತ್ತಿರ ಎಂದಳು, ಅಲ್ಲಿ ನೀರು ನಿಲ್ಲುತ್ತದೆ ಎಂದ ಈರ. "ನಂಗೆ ಹೇಳ್ಕೊಡ್ತ್ಯಾ ನೀನು?" ಎಂದು ಅವಳು ಗದರಿದಳು. ಅವನು ಹಾರೆ ಹಿಡಿದು ತೆಂಗಿನ ಸಾಲಿನ ಆಚೆ ಹೋಗಿ ಗುಂಡಿ ತೋಡತೊಡಗಿದ. ಅವಳು ಗೊಣಗುತ್ತ ಹಿಂದೆಯೇ ಹೋಗಿ ಗೊಬ್ಬರದ ಬುಟ್ಟಿ ಇಟ್ಟಳು.

ಅಷ್ಟರಲ್ಲಿ ದಿನಕರನ ಫೋನು ಬಡಿಯಿತು. ಹೊನ್ನಾವರದ ಕಡೆ ಒಂದು ತೋಟದಲ್ಲಿ ಎಲೆ ಹಳದಿಯಾಗಿ ಗಿಡ ಸೊರಗುತ್ತಿದೆಯಂತೆ, ಬೇರೇನೋ ರೋಗವಿರಬಹುದು, ಈಗಲೇ ಬರಲಾಗುತ್ತದೆಯೇ ಎಂದು ಶ್ರೇಯಾ ಕೇಳಿದಳು.

"ಊಟ ಮಾಡ್ಕೊಂಡು ಬತ್ತೆ ಮೇಡಂ" ಎಂದ ದಿನಕರ. ಒಳಗೆ ಕವಿತಾ ಐದು ಎಲೆ ಹಾಕಿ, ಎಲ್ಲರನ್ನೂ ಕರೆಯುತ್ತಿದ್ದಳು.